ಮೇದೋಜೀರಕ ಕೆರಳಿದಾಗ ಊಟ ಬಿಡಬೇಕೇ?

(ಆರೋಗ್ಯ ಶಿಬಿರದಲ್ಲಿ ಊರಿನಿಂದ ಬಂದ ಹಿರಿಯರಿಗಾಗಿ ಆಹಾರ ತಜ್ಞೆಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಮಗನ ಮನೆಗೋ ಮಗಳ ಮನೆಗೋ ಎರಡು ಮೂರು ತಿಂಗಳಿಗೆಂದು ಬಂದ ಅಪ್ಪ ಅಮ್ಮಂದಿರೇ ಇಲ್ಲಿ ಹೆಚ್ಚಾಗಿ ಕೂತಿದ್ದೀರಿ. ಬಿಪಿ, ಸಕ್ಕರೆ ತಪಾಸಣೆಗೆ ನಿಮ್ಮ ಸರದಿ ಬರಲು ಇನ್ನೂ ಸ್ವಲ್ಪ ಹೊತ್ತಿದೆ. ಅಷ್ಟರಲ್ಲಿ ಒಂದು ವಿಷಯ ಮಾತಾಡೋಣ. ಸಕ್ಕರೆ ಕಾಯಿಲೆ, ಮಂಡಿ ನೋವು ಇವುಗಳ ಬಗ್ಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಮೇದೋಜೀರಕ ಗ್ರಂಥಿ ಎಂಬುದೊಂದು ಹೊಟ್ಟೆಯೊಳಗಿದೆ, ಅದು ಇದ್ದಕ್ಕಿದ್ದಂತೆ ಕೆರಳುತ್ತದೆ, ಆಗ ಊಟದ ವಿಷಯದಲ್ಲಿ ಮನೆಯವರಿಗೂ ಆಸ್ಪತ್ರೆಯವರಿಗೂ ಜಟಾಪಟಿ ಆಗುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಜಟಾಪಟಿ ಯಾಕೆ ಎಂದರೆ, ಆಸ್ಪತ್ರೆಯವರು ಎರಡನೇ ದಿನವೇ "ಸ್ವಲ್ಪ ಊಟ ಶುರು ಮಾಡಿ" ಅನ್ನುತ್ತಾರೆ. ಮನೆಯವರು "ಅಯ್ಯೋ, ಇಷ್ಟು ನೋವಿದೆ, ಹೊಟ್ಟೆಗೆ ಏನೂ ಬೇಡ, ಖಾಲಿ ಬಿಟ್ಟರೆ ತಾನೇ ಸರಿಹೋಗುತ್ತದೆ" ಅನ್ನುತ್ತಾರೆ. ಬಾಯಿಂದ ಆಗದೆ ಮೂಗಿನಲ್ಲಿ ನಳಿಕೆ ಹಾಕುತ್ತೇವೆ ಎಂದರಂತೂ ಅಮ್ಮ ಅಳುತ್ತಾರೆ, ಅಪ್ಪ ಗೋಡೆ ಕಡೆ ತಿರುಗಿ ಮಲಗುತ್ತಾರೆ. ನಳಿಕೆ ಬಂತೆಂದರೆ ಕೊನೆಗಾಲ ಬಂತು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಈ ಎರಡೂ ಭಯಗಳ ಬಗ್ಗೆಯೇ ಇವತ್ತು ಮುಖ್ಯವಾಗಿ ಹೇಳುತ್ತೇನೆ.

ಮೊದಲು ಗ್ರಂಥಿ. ಜಠರದ ಹಿಂದೆ, ಬೆನ್ನುಮೂಳೆಗೆ ಹತ್ತಿರವಾಗಿ, ಅಡ್ಡಲಾಗಿ ಮಲಗಿರುವ ಸುಮಾರು 15 ಸೆಂಟಿಮೀಟರ್ ಉದ್ದದ ಅಂಗ ಇದು. ಇನ್ಸುಲಿನ್ ಬರುವುದು ಇಲ್ಲಿಂದಲೇ. ಇದರ ಇನ್ನೊಂದು ಕೆಲಸ ಜೀರ್ಣರಸ ತಯಾರಿಸುವುದು. ದಿನಕ್ಕೆ ಒಂದೂವರೆ ಲೀಟರಿಗೂ ಹೆಚ್ಚು ರಸ ಸಣ್ಣ ಕರುಳಿಗೆ ಇಳಿದು, ಅನ್ನ, ಬೇಳೆ, ತುಪ್ಪ ಎಲ್ಲವನ್ನೂ ಕರಗಿಸುತ್ತದೆ. ಈ ರಸ ಕರುಳಿಗೆ ಬಂದ ಮೇಲೆ ಚುರುಕಾಗಬೇಕು. ದಾರಿಯಲ್ಲಿ ಅಡ್ಡಿಯಾಗಿಯೋ ಬೇರೆ ಕಾರಣದಿಂದಲೋ ಗ್ರಂಥಿಯೊಳಗೇ ಚುರುಕಾದರೆ, ಬೇಳೆಯನ್ನು ಕರಗಿಸಬೇಕಾದದ್ದು ತನ್ನನ್ನೇ ಕರಗಿಸಲು ಶುರು ಮಾಡುತ್ತದೆ. ಅದೇ ಹಠಾತ್ ಉರಿಯೂತ. ವೈದ್ಯರ ಬಾಯಲ್ಲಿ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್.

ಕಾರಣಗಳಲ್ಲಿ ಮೊದಲ ಸಾಲಿನವು ಎರಡು: ಪಿತ್ತಕೋಶದ ಕಲ್ಲು ಮತ್ತು ಮದ್ಯ. ನಿಮ್ಮ ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಕಲ್ಲೇ ಹೆಚ್ಚು. ಪಿತ್ತಕೋಶದಿಂದ ಜಾರಿದ ಸಣ್ಣ ಕಲ್ಲು ಪಿತ್ತನಾಳವೂ ಮೇದೋಜೀರಕದ ನಾಳವೂ ಕೂಡುವ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಮದ್ಯ ಮುಟ್ಟದ, ಈರುಳ್ಳಿಯೂ ತಿನ್ನದ ಅಜ್ಜಿಗೂ ಈ ಕಾಯಿಲೆ ಬರುವುದು ಹೀಗೆ. "ನಮ್ಮಮ್ಮ ಕುಡಿಯುವವಳಲ್ಲ, ಇವರು ಏನು ಹೇಳುತ್ತಿದ್ದಾರೆ" ಎಂದು ಮಕ್ಕಳು ಸಿಟ್ಟಾಗುವ ಅಗತ್ಯವಿಲ್ಲ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 1000 ಮಿಲಿಗ್ರಾಂ ದಾಟಿದರೂ ಬರಬಹುದು. ಕೆಲವು ಔಷಧಿಗಳಿಂದಲೂ ಬರಬಹುದು. ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದಲ್ಲಿ ಒಂದು ಜಾತಿಯ ಚೇಳು ಕಚ್ಚಿದರೂ ಬರುತ್ತದೆ. ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ ಅದು, ನಿಮಗೆ ಬೇಕಾದದ್ದಲ್ಲ!

ನಿಮಗೆ ಬೇಕಾದದ್ದು ನೋವಿನ ಗುರುತು. ಹೊಟ್ಟೆಯ ಮೇಲ್ಭಾಗದಲ್ಲಿ, ಎದೆಗೂಡಿನ ಕೆಳಗೆ, ಇದ್ದಕ್ಕಿದ್ದಂತೆ ಬಂದು ಬಿಡದೆ ಇರುವ ಜೋರು ನೋವು. ಅನೇಕರಿಗೆ ಬೆನ್ನಿಗೆ ಹೊಡೆಯುತ್ತದೆ. ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಕಡಿಮೆ. ಜೊತೆಗೆ ವಾಂತಿ. ವಯಸ್ಸಾದವರಲ್ಲಿ ಒಂದು ತೊಂದರೆ ಇದೆ: ನೋವು ಅಷ್ಟಾಗಿ ಕಾಣಿಸದೆ ಬರೀ ವಾಂತಿ, ಸುಸ್ತು, ಉಸಿರಾಟ ಜೋರಾಗುವುದು, ಮಾತು ತಡವರಿಸುವುದು, ಮೂತ್ರ ಕಡಿಮೆಯಾಗುವುದು ಇಷ್ಟೇ ಕಾಣಬಹುದು. ಹೃದಯಾಘಾತವೂ ಹೀಗೇ ವೇಷ ಹಾಕಿಕೊಂಡು ಬರುತ್ತದೆ. ಯಾವುದು ಎಂದು ಮನೆಯಲ್ಲಿ ಕೂತು ನಿರ್ಧರಿಸಲು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಎರಡಕ್ಕೂ ಆಸ್ಪತ್ರೆಯೇ ದಾರಿ.

ಇಲ್ಲಿ ಸ್ವಲ್ಪ ಕಟುವಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಊರಿನಲ್ಲಿದ್ದರೆ ಪಕ್ಕದ ಮನೆಯವರನ್ನಾದರೂ ಕೂಗುತ್ತೀರಿ. ಇಲ್ಲಿ ಫ್ಲ್ಯಾಟಿನಲ್ಲಿ ಒಬ್ಬರೇ ಇರುವಾಗ "ಮಗ ಡ್ಯೂಟಿಯಲ್ಲಿದ್ದಾನೆ, ತೊಂದರೆ ಕೊಡುವುದು ಬೇಡ, ಗ್ಯಾಸ್ ಇರಬೇಕು" ಎಂದು ಓಮದ ನೀರು ಕುಡಿದು, ಜೀರಿಗೆ ಕಷಾಯ ಮಾಡಿಕೊಂಡು, ಸಂಜೆಯವರೆಗೆ ಕಾಯುತ್ತೀರಿ. ಇನ್ನೊಂದು ಲೆಕ್ಕವೂ ಮನಸ್ಸಿನಲ್ಲಿ ಓಡುತ್ತಿರುತ್ತದೆ: ವಿಸಿಟ್ ವೀಸಾ, ಇನ್ಶೂರೆನ್ಸ್ ಇದೆಯೋ ಇಲ್ಲವೋ, ಎಷ್ಟು ರಿಯಾಲ್ ಆಗುತ್ತದೋ. ತಡ ಮಾಡಿದರೆ ಆ ಲೆಕ್ಕ ಬೆಳೆಯುತ್ತದೆಯೇ ಹೊರತು ಇಳಿಯುವುದಿಲ್ಲ. ಗಂಟೆಗಟ್ಟಲೆ ಬಿಡದ ಹೊಟ್ಟೆನೋವಿಗೆ ಮಗನಿಗೆ ಫೋನ್ ಮಾಡಿ. ಅವನು ಸಿಗದಿದ್ದರೆ 9999. ಒಮಾನಿನಲ್ಲಿ ತುರ್ತು ಸಹಾಯಕ್ಕೆ ಅದೇ ಸಂಖ್ಯೆ, ನಾಲ್ಕು ಒಂಬತ್ತು, ನೆನಪಿಡುವುದು ಕಷ್ಟವಲ್ಲ. ಭಾಷೆಯ ಚಿಂತೆ ಬೇಡ. ಇಲ್ಲಿನ ಆಸ್ಪತ್ರೆಗಳಲ್ಲಿ ಕೇರಳದ ನರ್ಸುಗಳು ಬಹಳ ಜನ. ಕಾಸರಗೋಡು, ಮಂಗಳೂರಿನ ಕಡೆಯವರಿಗೆ ಅದು ಮನೆಯ ಮಾತಿನಂತೆ, ಉಳಿದವರಿಗೆ ಹಿಂದಿ ನಡೆಯುತ್ತದೆ.

ಈಗ ಊಟದ ವಿಷಯಕ್ಕೆ ಬರೋಣ. ನೀವು "ಹೊಟ್ಟೆ ಖಾಲಿ ಬಿಡಿ" ಅನ್ನುವುದು ಮೂಢನಂಬಿಕೆ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಲಂಘನವೇ ಮದ್ದು ಎಂದು ನಮ್ಮ ಹಿರಿಯರು ಹೇಳಿದ್ದನ್ನು ಈ ಕಾಯಿಲೆಯಲ್ಲಿ ಆಧುನಿಕ ವೈದ್ಯರೂ ಬಹಳ ವರ್ಷ ಪಾಲಿಸಿದರು. ಲೆಕ್ಕ ಸರಳವಾಗಿತ್ತು: ಊಟ ಮಾಡಿದರೆ ಗ್ರಂಥಿ ರಸ ಸುರಿಸುತ್ತದೆ, ರಸ ಸುರಿಸಿದರೆ ಉರಿಯೂತ ಹೆಚ್ಚುತ್ತದೆ, ಆದ್ದರಿಂದ ಗ್ರಂಥಿಗೆ ವಿಶ್ರಾಂತಿ ಕೊಡಿ. ಬಾಯಿಗೆ ಏನೂ ಇಲ್ಲ, ಡ್ರಿಪ್ ಮಾತ್ರ. ದಿನಗಳು ಹೆಚ್ಚಾದರೆ ಪೋಷಕಾಂಶಗಳನ್ನೇ ದ್ರವ ಮಾಡಿ ದೊಡ್ಡ ರಕ್ತನಾಳಕ್ಕೆ ಹರಿಸುವುದು. ನಿಮ್ಮ ಅಣ್ಣನಿಗೋ ಭಾವನಿಗೋ ಇಪ್ಪತ್ತು ಮೂವತ್ತು ವರ್ಷದ ಹಿಂದೆ ಈ ಕಾಯಿಲೆ ಆಗಿದ್ದರೆ ವಾರಗಟ್ಟಲೆ ಒಂದು ಚಮಚ ನೀರೂ ಕೊಡದೆ ಇಟ್ಟಿದ್ದು ನಿಮಗೆ ನೆನಪಿರಬಹುದು. ಅಂದಿನ ವೈದ್ಯಶಾಸ್ತ್ರ ಹೇಳಿದ್ದೇ ಅದನ್ನು.

ಬದಲಾಗಿದ್ದು ಕರುಳಿನ ಕಾರಣದಿಂದ. ಕರುಳಿನ ಒಳಪದರಕ್ಕೆ ತಾನು ಬದುಕಲು ಬೇಕಾದ ಆಹಾರದ ಬಹುಪಾಲು ಸಿಗುವುದು ಅದರೊಳಗೆ ಹಾದುಹೋಗುವ ಅನ್ನದಿಂದಲೇ. ದಿನಗಟ್ಟಲೆ ಏನೂ ಬಾರದಿದ್ದರೆ ಪದರ ಸೊರಗುತ್ತದೆ. ಸೊರಗಿದ ಗೋಡೆಯ ಸಂದಿಯಿಂದ ಒಳಗಿನ ಕ್ರಿಮಿಗಳು ರಕ್ತಕ್ಕೆ ನುಸುಳುತ್ತವೆ. ಮೇದೋಜೀರಕದ ಸ್ವಲ್ಪ ಭಾಗ ಸತ್ತಿದ್ದರೆ ಅಲ್ಲಿ ಹೋಗಿ ಕೀವು ಕಟ್ಟಿಸುತ್ತವೆ. ತೀವ್ರ ರೋಗಿಗಳಲ್ಲಿ ಮೊದಲ ವಾರ ದಾಟಿದ ಮೇಲೆ ಪ್ರಾಣಕ್ಕೆ ಕುತ್ತು ತರುವುದು ಹೆಚ್ಚಾಗಿ ಈ ಸೋಂಕು. ಅಂದರೆ ಗ್ರಂಥಿಗೆ ವಿಶ್ರಾಂತಿ ಕೊಡಲು ಹೋಗಿ ಕರುಳನ್ನು ಉಪವಾಸ ಕೆಡವಿದಂತಾಯಿತು. ರಕ್ತನಾಳದ ಪೋಷಣೆಗೂ ಕರುಳಿನ ಪೋಷಣೆಗೂ ಹೋಲಿಸಿ ಮಾಡಿದ ಎಂಟು ಪ್ರಯೋಗಗಳ ಲೆಕ್ಕವನ್ನು ಒಟ್ಟುಗೂಡಿಸಿ 2010ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿತು. ಕರುಳಿನ ಮೂಲಕ ಉಣಿಸಿದವರಲ್ಲಿ ಸಾವೂ ಕಡಿಮೆ, ಸೋಂಕೂ ಕಡಿಮೆ, ಆಪರೇಷನ್ ಬೇಕಾಗುವುದೂ ಕಡಿಮೆ. ಇವತ್ತಿಗೂ ಕೆಲವರಿಗೆ ರಕ್ತನಾಳದ ಪೋಷಣೆ ಬೇಕಾಗುತ್ತದೆ, ಕರುಳು ಕೆಲಸವನ್ನೇ ನಿಲ್ಲಿಸಿದಾಗ. ಆದರೆ ಅದು ಕೊನೆಯ ದಾರಿ.

ಈ ಕಾಯಿಲೆ ಬಂದ ಐವರಲ್ಲಿ ಸುಮಾರು ನಾಲ್ವರದ್ದು ಸೌಮ್ಯ ರೂಪ. ಅವರಿಗೆ ನಳಿಕೆ ಗಿಳಿಕೆ ಏನೂ ಬೇಕಿಲ್ಲ. ವಾಂತಿ ನಿಂತು ಹಸಿವು ಕಾಣಿಸಿದ ಕೂಡಲೇ, ಸಾಧ್ಯವಾದರೆ ಮೊದಲ 24 ಗಂಟೆಯೊಳಗೇ, ಬಾಯಿಂದ ಊಟ ಶುರು ಮಾಡಬೇಕೆಂದು ಈಗಿನ ಮಾರ್ಗಸೂಚಿಗಳು ಹೇಳುತ್ತವೆ. ರಕ್ತಪರೀಕ್ಷೆಯ ಲೈಪೇಸ್ ಅಂಕಿ ಇಳಿಯಲಿ ಎಂದು ಕಾಯಬೇಕಾಗಿಲ್ಲ. ಇದು ಮಕ್ಕಳಿಗೂ ಗೊತ್ತಿರಬೇಕು, ರಿಪೋರ್ಟ್ ಹಿಡಿದು "ಇನ್ನೂ 600 ಇದೆ, ಊಟ ಯಾಕೆ ಕೊಟ್ಟಿರಿ" ಎಂದು ಕೇಳುವವರು ಅವರೇ. ಮೊದಲ ಊಟ ಬರೀ ನೀರು ನೀರಾದ ಸಾರೇ ಆಗಬೇಕು ಎಂದೂ ಇಲ್ಲ. 2007ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಸೌಮ್ಯ ಕಾಯಿಲೆಯ 121 ರೋಗಿಗಳಲ್ಲಿ ಅರ್ಧ ಜನಕ್ಕೆ ತಿಳಿ ದ್ರವ, ಅರ್ಧ ಜನಕ್ಕೆ ಕೊಬ್ಬು ಕಡಿಮೆ ಇರುವ ಗಟ್ಟಿ ಊಟವನ್ನೇ ಕೊಟ್ಟು ನೋಡಿದರು. ಇಬ್ಬರೂ ಒಂದೇ ರೀತಿ ತಡೆದುಕೊಂಡರು. ಅದೇ ವರ್ಷ ಸ್ವೀಡನ್ನಿನಲ್ಲಿ 60 ರೋಗಿಗಳಲ್ಲಿ ನೋಡಿದಾಗ, ತಡ ಮಾಡದೆ ಉಂಡವರು ಆಸ್ಪತ್ರೆಯಿಂದ ನಾಲ್ಕು ದಿನಕ್ಕೆ ಹೊರಟರೆ, ಉಪವಾಸ ಇದ್ದವರಿಗೆ ಆರು ದಿನ ಹಿಡಿಯಿತು. ಆದ್ದರಿಂದ ಎರಡನೇ ದಿನ ತಟ್ಟೆಯಲ್ಲಿ ಮೆತ್ತಗಿನ ಅನ್ನವೋ ಬ್ರೆಡ್ಡೋ ಬಂದರೆ ಗಾಬರಿಯಾಗಬೇಡಿ. ನಾಲ್ಕು ತುತ್ತು ತಿನ್ನಿ. ನೋವು ಹೆಚ್ಚಾದರೆ ನಿಲ್ಲಿಸಿ ನರ್ಸಿಗೆ ಹೇಳಿ, ಕೆಲವರಿಗೆ ಹಾಗೆ ಆಗುತ್ತದೆ. ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸುತ್ತಾರೆ.

ಹಾಗಿದ್ದರೂ ಮಂಚಕ್ಕೆ "ಬಾಯಿಗೆ ಏನೂ ಕೊಡಬಾರದು" ಎಂಬ ಚೀಟಿ ಅಂಟಿಸುವ ಸಂದರ್ಭಗಳಿವೆ. ನಾಳದಲ್ಲಿ ಸಿಕ್ಕಿದ ಕಲ್ಲನ್ನು ಬಾಯಿಯ ಮೂಲಕ ದುರ್ಬೀನು ಇಳಿಸಿ ತೆಗೆಯುವ ಮೊದಲು, ಆಪರೇಷನ್ನಿಗೆ ಮೊದಲು. ಅದು ಮೇದೋಜೀರಕಕ್ಕಾಗಿ ಅಲ್ಲ, ಅರಿವಳಿಕೆಯ ಹೊತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಾರದೆಂದು. ಆಗ ದೇವಸ್ಥಾನದ ತೀರ್ಥ, ಪ್ರಸಾದವನ್ನು ಗುಟ್ಟಾಗಿ ಬಾಯಿಗೆ ಹಾಕಬೇಡಿ. ತಲೆದಿಂಬಿನ ಪಕ್ಕ ಇಡಿ, ಹಣೆಗೆ ಕುಂಕುಮ ಹಚ್ಚಿ. ತೀರ್ಥ ಕೊಡಲೇಬೇಕು ಅನಿಸಿದರೆ ನರ್ಸನ್ನು ಕೇಳಿ, ಸಮಯ ಅವರು ಹೇಳುತ್ತಾರೆ.

ಉಳಿದ ಒಬ್ಬರ ವಿಷಯ ಬೇರೆ. ಕಾಯಿಲೆ ತೀವ್ರವಾಗಿ, ಉಸಿರಾಟವೋ ಮೂತ್ರಪಿಂಡವೋ ಕೈಕೊಟ್ಟು, ಐಸಿಯುದಲ್ಲಿ ಇರುವವರು. ಇವರಿಗೆ ಉಣ್ಣುವ ಶಕ್ತಿಯೇ ಇರುವುದಿಲ್ಲ, ಆದರೆ ದೇಹ ಒಳಗಿನಿಂದ ಉರಿಯುತ್ತಿರುತ್ತದೆ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 1500 ಕ್ಯಾಲೊರಿ, 70 ಗ್ರಾಂಗಿಂತ ಹೆಚ್ಚು ಪ್ರೊಟೀನ್ ಬೇಕು. ಅದು ಹೊರಗಿನಿಂದ ಬರದಿದ್ದರೆ ದೇಹ ತನ್ನ ತೊಡೆ, ತೋಳಿನ ಮಾಂಸಖಂಡವನ್ನೇ ಮುರಿದು ತಿನ್ನುತ್ತದೆ. ಎಪ್ಪತ್ತರ ಮೇಲೆ ಹಾಗೆ ಕಳೆದುಹೋದ ಮಾಂಸಖಂಡ ಸುಲಭಕ್ಕೆ ಮರಳುವುದಿಲ್ಲ. ಕಾಯಿಲೆ ವಾಸಿಯಾದರೂ ಬಚ್ಚಲುಮನೆಗೆ ತಾನಾಗಿ ನಡೆದು ಹೋಗಲಾಗದ ಸ್ಥಿತಿಯಲ್ಲಿ ಮನೆಗೆ ಬರುತ್ತಾರೆ. ಡ್ರಿಪ್ಪಿನಲ್ಲಿ ಹೋಗುವುದು ಹೆಚ್ಚಾಗಿ ನೀರು, ಉಪ್ಪು. "ಗ್ಲೂಕೋಸ್ ಹೋಗುತ್ತಿದೆಯಲ್ಲ" ಎಂದು ಸಮಾಧಾನ ಪಡುತ್ತೇವೆ, ಒಂದು ಲೀಟರಿನ ಶೇ. 5ರ ಗ್ಲೂಕೋಸ್ ಬಾಟಲಿಯಲ್ಲಿ 200 ಕ್ಯಾಲೊರಿಯೂ ಇರುವುದಿಲ್ಲ, ಪ್ರೊಟೀನ್ ಸೊನ್ನೆ. ಎರಡು ಮೂರು ಇಡ್ಲಿಗೂ ಅದು ಸಮವಲ್ಲ.

ನಳಿಕೆ ಬರುವುದು ಇಲ್ಲಿ. ನೂಡಲ್ಸಿಗಿಂತ ಸ್ವಲ್ಪ ದಪ್ಪ ಇರುವ ಮೆತ್ತನೆಯ ಕೊಳವೆ. ಮೂಗಿನಿಂದ ಇಳಿಸುವಾಗ ಎರಡು ಮೂರು ನಿಮಿಷ ಕಿರಿಕಿರಿ, ಕಣ್ಣಲ್ಲಿ ನೀರು, ಓಕರಿಕೆ ಬರುತ್ತದೆ, ಸುಳ್ಳು ಹೇಳುವುದಿಲ್ಲ. ನುಂಗಿ ನುಂಗಿ ಎಂದಾಗ ನುಂಗಿದರೆ ಬೇಗ ಇಳಿಯುತ್ತದೆ. ಸರಿಯಾದ ಜಾಗದಲ್ಲಿದೆ ಎಂದು ಎಕ್ಸ್‌ರೇ ತೆಗೆದು ಖಚಿತ ಮಾಡಿಕೊಂಡ ಮೇಲೇ ಆಹಾರ ಬಿಡುತ್ತಾರೆ. ಹನಿ ಹನಿಯಾಗಿ ಪಂಪಿನಿಂದ ಹೋಗುತ್ತದೆ. ತಲೆಯ ಕಡೆ ಮಂಚವನ್ನು ಎತ್ತರಿಸಿಯೇ ಇಟ್ಟಿರುತ್ತಾರೆ, "ಅಮ್ಮನಿಗೆ ಕತ್ತು ನೋಯುತ್ತದೆ" ಎಂದು ಇಳಿಸಬೇಡಿ, ಆಹಾರ ಮೇಲಕ್ಕೆ ಬಂದು ಶ್ವಾಸಕ್ಕೆ ಹೋಗದಿರಲೆಂದೇ ಆ ಏರ್ಪಾಡು. ಹಸಿವು ಮರಳಿ ಬಾಯಿಂದ ಸಾಕಷ್ಟು ಉಣ್ಣಲು ಆದ ದಿನ ನಳಿಕೆಯನ್ನು ಎಳೆದು ತೆಗೆಯುತ್ತಾರೆ, ಅರ್ಧ ನಿಮಿಷದ ಕೆಲಸ. ಕೊನೆಗಾಲದ ಗುರುತಲ್ಲ ಅದು. ಬದುಕಿಸಿಕೊಳ್ಳಬೇಕೆಂದು ಹಾಕುವುದು.

ಎಲ್ಲರಿಗೂ ಮೊದಲ ದಿನವೇ ಹಾಕಬೇಕೇ? ಇಲ್ಲ. ನೆದರ್‌ಲ್ಯಾಂಡ್ಸ್ ದೇಶದ ವೈದ್ಯರ ಒಂದು ತಂಡ ಈ ಕಾಯಿಲೆಯ ಮೇಲೆ ಬಹಳ ಕೆಲಸ ಮಾಡಿದೆ. 2014ರಲ್ಲಿ ಪ್ರಕಟವಾದ ಅವರ ಪ್ರಯೋಗಕ್ಕೆ ಪೈಥಾನ್ ಎಂದು ಹೆಸರು. ಹೆಬ್ಬಾವು, ಅದೂ ಊಟದ ಪ್ರಯೋಗಕ್ಕೆ! ಕಾಯಿಲೆ ತೀವ್ರವಾಗಬಹುದಾದ 208 ರೋಗಿಗಳಲ್ಲಿ ಅರ್ಧ ಜನಕ್ಕೆ 24 ಗಂಟೆಯೊಳಗೆ ನಳಿಕೆ ಹಾಕಿದರು. ಉಳಿದವರಿಗೆ ಮೂರು ದಿನ ಕಾದು, ಬಾಯಿಂದ ಕೊಟ್ಟು ನೋಡಿ, ಆಗದಿದ್ದವರಿಗೆ ಮಾತ್ರ ನಳಿಕೆ. ಫಲಿತಾಂಶದಲ್ಲಿ ವ್ಯತ್ಯಾಸ ಇರಲಿಲ್ಲ, ಕಾದ ಗುಂಪಿನಲ್ಲಿ ಶೇ. 69 ಜನಕ್ಕೆ ನಳಿಕೆಯೇ ಬೇಕಾಗಲಿಲ್ಲ. ಆದ್ದರಿಂದ ವೈದ್ಯರು "ಎರಡು ದಿನ ನೋಡೋಣ" ಎಂದರೆ ಅದು ಅಸಡ್ಡೆ ಅಲ್ಲ. ನೋಡಿದ ಮೇಲೆ "ಇನ್ನು ಹಾಕಲೇಬೇಕು" ಎಂದರೆ ಅದಕ್ಕೂ ಕಾರಣ ಇರುತ್ತದೆ, ಆಗ ಹಟ ಮಾಡಬೇಡಿ.

ನಮ್ಮ ದೆಹಲಿಯ ಏಮ್ಸ್ ಆಸ್ಪತ್ರೆಯ ಕೆಲಸವನ್ನೂ ಹೇಳಬೇಕು, ನನಗೆ ಹೆಮ್ಮೆ ಅನಿಸುವ ವಿಷಯ. ನಳಿಕೆಯ ತುದಿ ಜಠರವನ್ನು ದಾಟಿ ಸಣ್ಣ ಕರುಳಿನ ಒಳಗೇ ಇರಬೇಕು ಎಂಬುದು ಮೊದಲಿನ ನಿಯಮ. ಹಾಗೆ ಇಳಿಸಲು ದುರ್ಬೀನು, ಪರಿಣತರು, ಖರ್ಚು ಎಲ್ಲ ಬೇಕು. ಜಠರದವರೆಗಿನ ನಳಿಕೆಯಾದರೆ ವಾರ್ಡಿನಲ್ಲೇ ಹಾಕಬಹುದು. ಏಮ್ಸ್‌ನವರು ತೀವ್ರ ರೋಗಿಗಳಲ್ಲೇ ಎರಡನ್ನೂ ಹೋಲಿಸಿದರು, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 31 ಜನ, 2012ರದ್ದರಲ್ಲಿ 78 ಜನ. ಜಠರದ ನಳಿಕೆ ಯಾವ ರೀತಿಯಲ್ಲೂ ಕಡಿಮೆಯಾಗಲಿಲ್ಲ. ದೊಡ್ಡ ಊರಿನ ದೊಡ್ಡ ಆಸ್ಪತ್ರೆ ಸಿಗದವರಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ವಾಂತಿ ನಿಲ್ಲದವರಿಗೆ ಮಾತ್ರ ಈಗಲೂ ಆಳಕ್ಕೆ ಇಳಿಸುತ್ತಾರೆ.

ಶಾಕಾಹಾರಿಗಳು ಕೇಳುವ ಪ್ರಶ್ನೆ: ಆ ಡಬ್ಬಿಯ ಆಹಾರದಲ್ಲಿ ಏನಿದೆ? ಸಾಮಾನ್ಯವಾಗಿ ಹಾಲಿನ ಅಥವಾ ಸೋಯಾದ ಪ್ರೊಟೀನ್, ಸಕ್ಕರೆ ಅಂಶ, ಸಸ್ಯದ ಎಣ್ಣೆ, ಜೀವಸತ್ವಗಳು. ಕೆಲವದರಲ್ಲಿ ಮೀನೆಣ್ಣೆ ಇರುತ್ತದೆ. ಬೇಡದಿದ್ದರೆ ದಾಖಲಾದ ದಿನವೇ ಆಹಾರ ತಜ್ಞರಿಗೆ ಹೇಳಿ, ಬೇರೆ ಡಬ್ಬಿ ಸಿಗುತ್ತದೆ. ಮನೆಯಿಂದ ಬೇಳೆಕಟ್ಟು, ಗಂಜಿತಿಳಿ ತಂದು ನಳಿಕೆಗೆ ಸುರಿಯುವುದು ಮಾತ್ರ ಬೇಡ. ಕೊಳವೆ ಕಟ್ಟುತ್ತದೆ, ಸೋಂಕು ತಗಲುತ್ತದೆ. ಇನ್ನೊಂದು, ಕರುಳಿಗೆ ಒಳ್ಳೆಯ ಕ್ರಿಮಿಗಳೆಂದು ಮಾರುವ ಪ್ರೋಬಯಾಟಿಕ್ ಪುಡಿಯನ್ನು ನೀವಾಗಿ ತಂದು ಕೊಡಬೇಡಿ. ಅದೇ ಡಚ್ಚರು ತೀವ್ರವಾಗಬಹುದಾದ ಸುಮಾರು 300 ರೋಗಿಗಳಲ್ಲಿ ಅರ್ಧ ಜನಕ್ಕೆ ಒಳ್ಳೆಯದಾಗಲೆಂದೇ ಕೊಟ್ಟು ನೋಡಿದರು. 2008ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು, ಕೊಟ್ಟವರಲ್ಲಿ ಸಾವು ಶೇ. 16, ಕೊಡದವರಲ್ಲಿ ಶೇ. 6. ಇದು ಮನೆಯ ಮಜ್ಜಿಗೆಯ ಮಾತಲ್ಲ, ಐಸಿಯು ರೋಗಿಯ ನಳಿಕೆಯ ಮಾತು.

ಬಹಳ ದಿನ ಊಟ ಬಿಟ್ಟವರಿಗೆ, ಮೊದಲೇ ಸಣಕಲಾಗಿರುವವರಿಗೆ, ಆಹಾರವನ್ನು ಕಡಿಮೆಯಿಂದ ಶುರು ಮಾಡುತ್ತಾರೆ. "ಇಷ್ಟು ದಿನ ಉಪವಾಸ, ಇವತ್ತಾದರೂ ಹೊಟ್ಟೆ ತುಂಬಾ ಕೊಡಬಾರದೇ" ಎಂದು ಕರುಳು ಚುರುಕ್ಕೆನ್ನುವುದು ಸಹಜ. ಎರಡನೇ ಮಹಾಯುದ್ಧ ಮುಗಿದಾಗ ಸೆರೆಯಿಂದ ಬಿಡಿಸಿದ ಹಸಿದ ಜನರಿಗೆ ಒಮ್ಮೆಲೇ ಉಣಿಸಿ ಕೆಲವರು ಸತ್ತೇಹೋದರು. ಹಸಿದ ದೇಹಕ್ಕೆ ಏಕಾಏಕಿ ಅನ್ನ ಬಿದ್ದರೆ ರಕ್ತದ ಫಾಸ್ಫೇಟ್, ಪೊಟ್ಯಾಷಿಯಂ ಕುಸಿದು ಹೃದಯ ತಪ್ಪುತ್ತದೆ. ಹಾಗಾಗಿ ಬಿ1 ಜೀವಸತ್ವ ಕೊಟ್ಟು, ದಿನಾ ರಕ್ತ ನೋಡಿ ಏರಿಸುತ್ತಾರೆ.

ಮನೆಯವರು ಏನು ಮಾಡಬಹುದು? ಅಪ್ಪನ ಹಲ್ಲಿನ ಸೆಟ್ಟು, ಕನ್ನಡಕ, ಕಿವಿಯ ಯಂತ್ರ ಆಸ್ಪತ್ರೆಗೆ ತನ್ನಿ. ನಗಬೇಡಿ, ಹಲ್ಲಿನ ಸೆಟ್ಟು ಮನೆಯ ಲೋಟದಲ್ಲೇ ಉಳಿದಿರುತ್ತದೆ, ಇಲ್ಲಿ "ರೋಗಿ ಊಟ ನಿರಾಕರಿಸುತ್ತಿದ್ದಾರೆ" ಎಂದು ಬರೆದಿರುತ್ತಾರೆ. ಬಾಯಿ ಒಣಗಿದವರಿಗೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿ, ಹಲ್ಲುಜ್ಜಿಸಿ. ರಾತ್ರಿ ಹೊತ್ತು ಹಿರಿಯರಿಗೆ ಗೊಂದಲವಾಗಿ ನಳಿಕೆ ಕಿತ್ತುಕೊಳ್ಳುತ್ತಾರೆ, ಗುರುತಿನ ದನಿ ಪಕ್ಕದಲ್ಲಿದ್ದರೆ ಅರ್ಧ ಗೊಂದಲ ಇಳಿಯುತ್ತದೆ. ಹೊರಗೆ ಇರಲು ಬಿಡದಿದ್ದರೆ ಫೋನಿನಲ್ಲಾದರೂ ಮಾತಾಡಿಸಿ.

ಇನ್ನು ಮನೆಗೆ ಬಂದ ಮೇಲಿನ ಅಡುಗೆ. ಕೆಲವು ವಾರ ಕೊಬ್ಬು ಕಡಿಮೆ, ಪ್ರೊಟೀನ್ ಸಾಕಷ್ಟು, ದಿನಕ್ಕೆ ಐದಾರು ಸಲ ಸಣ್ಣ ಸಣ್ಣ ಊಟ. ಇಡ್ಲಿ, ಮೆತ್ತಗಿನ ಅನ್ನ ತಿಳಿಸಾರು, ಹೆಸರುಬೇಳೆ ಕಿಚಡಿ, ಕೆನೆ ತೆಗೆದ ಹಾಲಿನಲ್ಲಿ ರಾಗಿ ಗಂಜಿ, ಎಣ್ಣೆ ಸವರದ ಫುಲ್ಕ, ಬೇಯಿಸಿದ ಸೋರೆ, ಹೀರೆ, ಕ್ಯಾರೆಟ್. ತಿನ್ನುವವರಿಗೆ ಹಬೆಯಲ್ಲಿ ಬೆಂದ ಮೀನು, ಮೊಟ್ಟೆಯ ಬಿಳಿ. ಉತ್ತರ ಕರ್ನಾಟಕದವರು ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದರೆ ತೊಂದರೆ ಇಲ್ಲ, ಶೇಂಗಾ ಚಟ್ನಿ ಮಾತ್ರ ಸದ್ಯಕ್ಕೆ ಬದಿಗಿಡಿ, 100 ಗ್ರಾಂ ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆಯೇ. ಕರಾವಳಿಯವರಿಗೆ ತೆಂಗಿನಕಾಯಿ ಬಿಡುವುದು ಕಷ್ಟ, ನನಗೆ ಗೊತ್ತು, ಹಸಿ ಕಾಯಿಯಲ್ಲಿ ಮೂರನೇ ಒಂದು ಪಾಲು ಕೊಬ್ಬು. ಎಳನೀರು ಕುಡಿಯಿರಿ, ಅದರಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಸಲಾಲಾದ ತೆಂಗಿನ ತೋಟಗಳಿಂದ ಇಲ್ಲಿಗೂ ಬರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಕೇಳಿ ಕುಡಿಯಿರಿ. ಒಂದು ಚಿಕ್ಕ ಚಮಚ ತುಪ್ಪ ಅಥವಾ ಎಣ್ಣೆಯಲ್ಲಿ ಸುಮಾರು 5 ಗ್ರಾಂ ಕೊಬ್ಬು. ದಿನಕ್ಕೆ ಮೂರು ನಾಲ್ಕು ಚಮಚ, ಇಡೀ ದಿನದ ಒಗ್ಗರಣೆಗೆಲ್ಲ ಸೇರಿ, ಎಂದು ಸೊಸೆಗೆ ಅಳತೆ ಹೇಳಿ. ಅಂಗಡಿಯ ಲಬನ್ ಕೊಳ್ಳುವಾಗ ಕೆನೆ ತೆಗೆದದ್ದನ್ನೇ ಕೊಳ್ಳಿ, ಅದು ನಮ್ಮ ಮಜ್ಜಿಗೆಯ ಅಣ್ಣತಮ್ಮ. ಖರ್ಜೂರದಲ್ಲಿ ಕೊಬ್ಬಿಲ್ಲ, ಸಕ್ಕರೆ ಕಾಯಿಲೆ ಇಲ್ಲದವರು ಎರಡು ತಿನ್ನಬಹುದು. ಒಮಾನಿ ಹಲ್ವ ತುಪ್ಪದಲ್ಲೇ ಕಾಯಿಸಿದ್ದು, ಯಾರಾದರೂ ಪ್ರೀತಿಯಿಂದ ಕೊಟ್ಟರೆ ಊರಿಗೆ ಒಯ್ಯಿರಿ. ಮದ್ಯ, ಸಿಗರೇಟು ಎರಡೂ ಪೂರ್ತಿ ಬಿಡಬೇಕು, ಇದರಲ್ಲಿ ಚೌಕಾಸಿ ಇಲ್ಲ.

ಆದರೆ ಭಯದಿಂದ ಸಪ್ಪೆ ಗಂಜಿಯಲ್ಲೇ ತಿಂಗಳುಗಟ್ಟಲೆ ಕೂರಬೇಡಿ. ವೈದ್ಯರು ಸರಿ ಎಂದ ಮೇಲೆ ಮಾಮೂಲು ಊಟಕ್ಕೆ ಮರಳಬೇಕು. ವಾರಕ್ಕೊಮ್ಮೆ ತೂಕ ನೋಡಿ, ಇಳಿಯುತ್ತಲೇ ಇದ್ದರೆ ಉಣ್ಣುವುದು ಸಾಲುತ್ತಿಲ್ಲ. ಏಕಾದಶಿ ಮಾಡುವವರು, ಚೇತರಿಸುವವರೆಗೆ ನಿರಾಹಾರ ಬೇಡ, ಹಾಲು ಹಣ್ಣಿನ ಅಲ್ಪಾಹಾರ ಮಾಡಿಕೊಳ್ಳಿ. ಇಲ್ಲಿನ ಬಿಸಿಲಿನಲ್ಲಿ ನೀರೂ ಬಿಡುವ ಉಪವಾಸ ಬೇರೆಯವರಿಗೂ ಒಳ್ಳೆಯದಲ್ಲ. ಅದಕ್ಕಿಂತ ಕಷ್ಟ ಮರುದಿನದ ಪಾರಣೆ, ಖಾಲಿ ಹೊಟ್ಟೆಗೆ ಬೋಂಡ, ಹೋಳಿಗೆ, ತುಪ್ಪ.

ಮಲ ಎಣ್ಣೆ ಎಣ್ಣೆಯಾಗಿ, ಬಿಳಿಚಾಗಿ, ದುರ್ವಾಸನೆಯಿಂದ ತೇಲುತ್ತಿದ್ದರೆ ಜೀರ್ಣರಸ ಸಾಲುತ್ತಿಲ್ಲ ಎಂದರ್ಥ. ನಾಚಿಕೆ ಬಿಟ್ಟು ಹೇಳಿ. ಊಟದ ಜೊತೆ ನುಂಗುವ ಕಿಣ್ವದ ಕ್ಯಾಪ್ಸೂಲು ಕೊಡುತ್ತಾರೆ. ಅದನ್ನು ತಯಾರಿಸುವುದು ಹಂದಿಯ ಮೇದೋಜೀರಕದಿಂದ. ನಿಮ್ಮಿಂದ ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಗೊತ್ತಾದ ಮೇಲೆ ಕೆಲವರು ಮಕ್ಕಳಿಗೆ ಹೇಳದೆ ಕಸದ ಬುಟ್ಟಿಗೆ ಹಾಕುತ್ತಾರೆ, ತೂಕ ಇಳಿಯುತ್ತದೆ, ಯಾರಿಗೂ ಕಾರಣ ತಿಳಿಯುವುದಿಲ್ಲ. ಔಷಧಿ ಎಂದು ಒಪ್ಪಿ ನುಂಗುವುದೋ ಬೇಡವೋ ನಿಮ್ಮ ಮನಸ್ಸಿಗೆ ಬಿಟ್ಟದ್ದು, ಬೇಡವಾದರೆ ವೈದ್ಯರಿಗೆ ನೇರವಾಗಿ ಹೇಳಿ, ಊಟದ ಪಟ್ಟಿಯನ್ನು ಅದಕ್ಕೆ ತಕ್ಕಂತೆ ಹೊಂದಿಸೋಣ. ಹಾಗೆಯೇ ಮೊದಲು ಸಕ್ಕರೆ ಕಾಯಿಲೆ ಇಲ್ಲದವರಿಗೂ ಈ ಕಾಯಿಲೆಯ ನಂತರ ಬರಬಹುದು, ಕೆಲವು ತಿಂಗಳ ಬಳಿಕ ರಕ್ತ ಪರೀಕ್ಷೆ ಮಾಡಿಸಿ.

ಕೊನೆಯ ವಿಷಯ ನಿಮ್ಮ ಟಿಕೆಟಿನದು. ಕಲ್ಲಿನಿಂದ ಬಂದ ಕಾಯಿಲೆ ಸೌಮ್ಯವಾಗಿ ವಾಸಿಯಾದಾಗ, ವೈದ್ಯರು ಅದೇ ದಾಖಲಾತಿಯಲ್ಲಿ ಪಿತ್ತಕೋಶ ತೆಗೆಯೋಣ ಅನ್ನುತ್ತಾರೆ. ನೀವು "ನೋವು ಹೋಯಿತಲ್ಲ, ಊರಿಗೆ ಹೋಗಿ ನೋಡಿಕೊಳ್ಳೋಣ" ಅನ್ನುತ್ತೀರಿ. 2015ರಲ್ಲಿ ಡಚ್ ತಂಡವೇ 266 ರೋಗಿಗಳಲ್ಲಿ ಇದನ್ನೂ ನೋಡಿತು. ಸುಮಾರು ಒಂದು ತಿಂಗಳು ಬಿಟ್ಟು ಆಪರೇಷನ್ ಮಾಡಿದವರಲ್ಲಿ ಶೇ. 17 ಜನಕ್ಕೆ ಕಲ್ಲಿನ ತೊಂದರೆ ಮರುಕಳಿಸಿತು, ಆಗಲೇ ಮಾಡಿದವರಲ್ಲಿ ಶೇ. 5 ಮಾತ್ರ. ಖರ್ಚು, ಇನ್ಶೂರೆನ್ಸಿನ ಕಾರಣಕ್ಕೆ ಊರಲ್ಲೇ ಮಾಡಿಸುವುದಾದರೆ, ಮದುವೆ, ಜಾತ್ರೆ ಎಲ್ಲ ಮುಗಿಸಿ ಎಂದು ಮುಂದೂಡದೆ, ಇಲ್ಲಿಂದಲೇ ದಿನ ಗೊತ್ತುಮಾಡಿಕೊಂಡು ಹೊರಡಿ. ಅಲ್ಲಿಯವರೆಗೆ ಕೊಬ್ಬು ಕಡಿಮೆಯ ಊಟ. ಕಾಯಿಲೆ ತೀವ್ರವಾಗಿದ್ದವರಿಗೆ ಲೆಕ್ಕ ಬೇರೆ, ಅವರು ವಾರಗಟ್ಟಲೆ ಕಾಯಬೇಕಾಗುತ್ತದೆ. ವಿಮಾನ ಏರುವ ಮೊದಲು ವೈದ್ಯರ ಒಪ್ಪಿಗೆ ಪತ್ರ ಪಡೆಯಿರಿ. ಪಿತ್ತಕಲ್ಲು ಇದ್ದೂ ಯಾವ ತೊಂದರೆಯೂ ಇಲ್ಲದವರು ಇದನ್ನು ಕೇಳಿ ಹೆದರಬೇಡಿ, ಅಂಥವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ.

ಇವತ್ತೇ ಒಂದು ಕಾಗದ ತೆಗೆದುಕೊಳ್ಳಿ. ದಿನಾ ನುಂಗುವ ಮಾತ್ರೆಗಳ ಹೆಸರು, ಯಾವುದು ಒಗ್ಗುವುದಿಲ್ಲ, ಮೊದಲು ಸ್ಕ್ಯಾನಿನಲ್ಲಿ ಪಿತ್ತಕಲ್ಲು ಕಂಡಿತ್ತೇ, ಶಾಕಾಹಾರಿಯೇ, ಹಲ್ಲಿನ ಸೆಟ್ಟು ಇದೆಯೇ, ಮಗನ ಅಥವಾ ಮಗಳ ಫೋನ್ ಸಂಖ್ಯೆ. ಇಂಗ್ಲಿಷಿನಲ್ಲಿ ಮೊಮ್ಮಗಳು ಬರೆದುಕೊಡಲಿ. ಪಾಸ್‌ಪೋರ್ಟಿನ ಕವರಿನೊಳಗೆ ಮಡಚಿಡಿ. ಬರೆಯುವವರು ಯಾರೂ ಜೊತೆಗಿಲ್ಲದಿದ್ದರೆ ಇಲ್ಲೇ ನನ್ನ ಹತ್ತಿರ ಬನ್ನಿ, ಬರೆದುಕೊಡುತ್ತೇನೆ, ಪೆನ್ನಿದೆ.